ಸೈಕಲ್ಲಿಗೂ ಒಂದು ಕಣ್ಣಿ

ಗೋಕಾಕ ಎಂದರೆ ಜನ ಕರದಂಟು ಎನ್ನುತ್ತಾರೆ, ಜಲಪಾತ ಎನ್ನುತ್ತಾರೆ. ಇನ್ನು ಮುಂದೆ ಮೂರನೆಯ ಹೆಸರೊಂದು ಸೇರಲಿದೆ, ಅದು ಕಾಶಿನಾಥ, ಅಂದರೆ ನಾನು! ಹೀಗೆಂದು ಕಳೆದ ಯುಗಾದಿಯ ದಿನ ಬೇವಿನ ಪಾನಕ ಕುಡಿಯುತ್ತ ಹೆಂಡತಿಯ ಮುಂದೆ ಘೋಷಿಸಿದೆ. ಹಳೆಯ ಕಾಲದ ಉಕ್ಕಿನ ಸೈಕಲ್ ಫ್ರೇಮುಗಳಿಗೆ ದೊಡ್ಡ ಊರುಗಳಲ್ಲಿ ಬಂಗಾರದ ಬೆಲೆ ಬಂದಿದೆ ಎಂದು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಗಾಲಿ ಬೇಡ, ಸೀಟು ಬೇಡ, ಬರೀ ಫ್ರೇಮು! ಕೊಂಡವರು ಅದನ್ನು ತುಳಿಯುವುದೂ ಇಲ್ಲ, ಗೋಡೆಗೆ ತೂಗುಹಾಕಿ ನೋಡುತ್ತ ಕೂಡುತ್ತಾರಂತೆ.

"ತುಳ್ಯಾಕ ಬರಲಾರದ ಸೈಕಲ್ ತಗೊಂಡು ಏನ್ ಮಾಡ್ತಾರ್ರಿ?" ಎಂದಳು ಶೋಭಾ.

"ಅದಕ್ಕ ಅಭಿರುಚಿ ಅಂತಾರ!"

"ನಮ್ಮ ಮನಿಯಾಗ ಅದಕ್ಕ ಮೋಡಕಾ ಅಂತಾರ."

ಬಂಗಾರದಂಥ ಮಾಲನ್ನು ಗುಜರಿ ಎಂದಳಲ್ಲ! ಮಹತ್ಕಾರ್ಯಗಳಿಗೆ ಮೊದಲ ಅಡ್ಡಿ ಮನೆಯಿಂದಲೇ ಬರುವುದು ಎಂದು ಸಮಾಧಾನ ಮಾಡಿಕೊಂಡೆ. ಅರಭಾವಿ ಕಾಲೇಜಿನಲ್ಲಿ ನಾನು ಗುಮಾಸ್ತ. ದಿನವಿಡೀ ಕಡತದ ದಾರ ಬಿಚ್ಚಿ ಕಟ್ಟುವ ಈ ಕೈಗಳು ಎಷ್ಟು ದೊಡ್ಡ ವ್ಯಾಪಾರಕ್ಕಾಗಿ ಹುಟ್ಟಿದ್ದವೆಂಬುದು ಯಾರಿಗೂ ಗೊತ್ತಿರಲಿಲ್ಲ. ಎರಡೇ ತಿಂಗಳಲ್ಲಿ ಮೂರು ಫ್ರೇಮು ಕೂಡಿಸಿದೆ. ಒಂದು ಗೋಕಾಕದ್ದೇ. ಇನ್ನೊಂದು ಮೂಡಲಗಿಯ ಸೈಕಲ್ ಅಂಗಡಿಯ ಹಿಂದೆ ಮಣ್ಣಲ್ಲಿ ಅರ್ಧ ಹೂತುಹೋಗಿತ್ತು. ಮೂರನೆಯದು ಹುಕ್ಕೇರಿಯ ಪಾರವ್ವತ್ತೆಯ ಹಿತ್ತಲಲ್ಲಿ ಅವರೆಬಳ್ಳಿಗೆ ಆಸರೆಯಾಗಿ ನಿಂತಿತ್ತು. ಅದನ್ನು ಬಳ್ಳಿ ಸಮೇತ ತಂದೆ! ಪಾರವ್ವತ್ತೆ ಅಂದಿನಿಂದ ನನ್ನ ಫೋನು ಎತ್ತಿಲ್ಲ.

ಮೂರೂ ನಮ್ಮ ಪಡಸಾಲೆಯಲ್ಲಿ ಗೋಡೆಗೆ ಒರಗಿ ನಿಂತವು. ಮನೆಯವರು ಓರೆಯಾಗಿ ನಡೆಯುವುದನ್ನು ಕಲಿತರು. ಕೊಳ್ಳುವವರು ಮಾತ್ರ ಒಬ್ಬರೂ ಬರಲಿಲ್ಲ. ಒಂದು ಸೋಮವಾರ ಶೋಭಾಳ ಸೀರೆಯ ಸೆರಗು ಮೂಡಲಗಿ ಫ್ರೇಮಿಗೆ ಸಿಕ್ಕಿ ಚರ್ರೆಂದು ಹರಿಯಿತು. ಅವಳು ಕೂಗಾಡಲಿಲ್ಲ. ಅದೇ ಭಯದ ಸಂಗತಿ.

"ಬರೂ ಐತವಾರದೊಳಗ ಒಂದರ ಮಾರಿ ತೋರಸ್ರಿ. ಮಾರಿದ್ರ ನೀವು ವ್ಯಾಪಾರಸ್ಥರು, ನಾ ಒಪ್ಪತೇನಿ. ಇಲ್ಲಂದ್ರ ಸೋಮವಾರ ಎಲ್ಲಾನೂ ಮೋಡಕಾದವನ ಗಾಡಿಗೆ. ಇನ್ನೊಮ್ಮಿ ಸೈಕಲ್ ಅನ್ನೂ ಶಬ್ದ ಈ ಮನಿಯಾಗ ಬರಬಾರದು."

"ಆತು! ಐತವಾರ ನೋಡೀಯಂತ!" ಎಂದು ಎದೆ ತಟ್ಟಿಕೊಂಡೆ. ಒಳಗೆ ಎದೆ ತಾನಾಗಿಯೇ ಬಡಿದುಕೊಳ್ಳುತ್ತಿತ್ತು.

ದೈವ ಒಲಿಯಿತು. ಮರುದಿನವೇ ಕಚೇರಿಯಲ್ಲಿ ಒಂದು ಸುದ್ದಿ ಸಿಕ್ಕಿತು. ಮಸಗುಪ್ಪಿಯ ಬೀರಸಿದ್ದಪ್ಪ ಎಂಬ ರೈತನ ಮನೆಯಲ್ಲಿ ವಿಲಾಯತಿ ಸೈಕಲ್ ಒಂದಿದೆ, ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿದ್ದ ಯಾರೋ ಸಾಹೇಬರು ಅವನ ಅಪ್ಪನಿಗೆ ಕೊಟ್ಟು ಹೋದದ್ದು. ಸಂಜೆಯೇ ಮೋಟಾರ್ ಸೈಕಲ್ ಏರಿ ಹೋದೆ. ಕೊಟ್ಟಿಗೆಯ ಮೂಲೆಯಲ್ಲಿ ನಿಂತಿತ್ತು ನೋಡಿ, ಆಹಾ! ಮೂಲ ಬಣ್ಣ, ಸಣ್ಣಗೆ ಮಾಸಿದ ಬಂಗಾರದ ಗೆರೆ. ಹ್ಯಾಂಡಲಿನ ಕೆಳಗೆ, ಸೈಕಲ್ಲಿನ ಕುತ್ತಿಗೆಯ ಜಾಗದಲ್ಲಿ, ರೆಕ್ಕೆ ಬಿಚ್ಚಿದ ಹದ್ದಿನ ಹಿತ್ತಾಳೆ ಬಿಲ್ಲೆ! ಅಲ್ಲೇ ಫೋಟೋ ತೆಗೆದು ಬೆಳಗಾವಿಯ ಅಭಿಷೇಕ ಎಂಬ ಸಂಗ್ರಾಹಕನಿಗೆ ಕಳಿಸಿದೆ. "ಐತವಾರ ಬರ್ತೇನ್ರಿ ಸರ್, ಯಾರಿಗೂ ಕೊಡಬ್ಯಾಡ್ರಿ" ಎಂದು ಐದೇ ನಿಮಿಷದಲ್ಲಿ ಉತ್ತರ ಬಂತು.

ಇನ್ನು ವ್ಯಾಪಾರ. ಮಾರುವುದಕ್ಕೆ ಕೊಳ್ಳುತ್ತಿದ್ದೇನೆಂದು ಬಾಯಿ ಬಿಟ್ಟರೆ ಬೆಲೆ ಏರುತ್ತದೆ, ಹುಷಾರ್ ಎಂದು ವಿಡಿಯೋದಲ್ಲಿ ಮೂರು ಸಲ ಹೇಳಿದ್ದರು. ನಾನು ಮುಖ ಸಪ್ಪಗೆ ಮಾಡಿಕೊಂಡೆ.

"ಡಾಕ್ಟರು ದಿನಾ ಸೈಕಲ್ ತುಳೀರಿ ಅಂದಾರ್ರಿ ಕಾಕಾ. ಹಳೇದಾದ್ರ ಗಟ್ಟಿ ಇರ್ತೈತಿ ಅಂತ ಬಂದೆ."

ಬೀರಸಿದ್ದಪ್ಪನ ಮುಖ ಅರಳಿತು. "ಖರೇನ ತುಳೀತೀರೇನ್ರಿ ಸಾಹೇಬ್ರ? ನಮ್ಮಪ್ಪನ ಸೈಕಲ್ರಿ ಅದು. ನಿಂತು ನಿಂತು ಕೆಟ್ಟು ಹೋಗಾಕತ್ತಿತ್ತು."

"ಖರೇನ ಕಾಕಾ! ಮುಂಜಾನಿಗೊಮ್ಮೆ, ಸಂಜಿಗೊಮ್ಮೆ!"

ಪಾಪದ ಮುದುಕ ನಾನು ಕೇಳಿದ್ದಕ್ಕಿಂತಲೂ ಕಡಿಮೆಗೆ ಒಪ್ಪಿದ. ಸೈಕಲ್ಲಿಗೆ ಅರಿಶಿನದ ಭಂಡಾರ ಹಚ್ಚಿ ಕೈಮುಗಿದ. ನಂತರ ಒಳಗಿನಿಂದ ಇಕ್ಕಳ ತಂದು, ನಾನು ನೋಡುತ್ತಿದ್ದಂತೆಯೇ ಆ ಹಿತ್ತಾಳೆ ಬಿಲ್ಲೆಯನ್ನು ಬಿಚ್ಚಿ ಕಿಸೆಗೆ ಹಾಕಿಕೊಂಡ!

"ಇದ್ಯಾಕ್ರಿ ಕಾಕಾ?"

"ದನಾ ಮಾರಿದ್ರ ಕೊಳ್ಳಾಗಿನ ಕಣ್ಣಿ ಕೊಡ್ತೇವೇನ್ರಿ? ದನಾ ನಿಮ್ದು, ಹಗ್ಗ ನಮ್ದು. ಹಗ್ಗಾನೂ ಕೊಟ್ರ ಹಟ್ಟಿ ಲಕ್ಷ್ಮೀನ ಎದ್ದು ಹೋಗ್ತಾಳ್ರಿ. ಇದರ ಕೊಳ್ಳಾಗ ಇದೊಂದ ಇತ್ತು."

ನಾನು ಮನಸ್ಸಿನಲ್ಲೇ ನಕ್ಕೆ. ಸೈಕಲ್ಲಿಗೂ ಕಣ್ಣಿಯಂತೆ! ರೂಪಾಯಿ ಅಗಲದ ಹಿತ್ತಾಳೆ ಇಟ್ಟುಕೊಂಡು ಇಡೀ ಸೈಕಲ್ ಕೊಟ್ಟನಲ್ಲ ಎಂದು ಹಿಗ್ಗುತ್ತ, ಗಾಡಿಯ ಹಿಂದೆ ಅಡ್ಡಲಾಗಿ ಕಟ್ಟಿಕೊಂಡು ಬಂದೆ. ಗಾಲಿ, ಚೈನು, ಸೀಟು ಎಲ್ಲ ಕಳಚಿ ಫ್ರೇಮು ಒರೆಸಿ ಅಭಿಷೇಕನಿಗೆ ಇನ್ನೊಂದು ಫೋಟೋ ಕಳಿಸಿದೆ. ಈ ಸಲ ಉತ್ತರ ಬರಲಿಲ್ಲ, ಫೋನೇ ಬಂತು.

"ಸರ್, ಬಿಲ್ಲಿ ಎಲ್ಲೈತ್ರಿ?"

"ಅದು ಬಿಡ್ರಿ, ಫ್ರೇಮ್ ನೋಡ್ರಿ ಹೆಂಗೈತಿ!"

"ಫ್ರೇಮ್ ಬೇಕಾದಷ್ಟ ಸಿಗ್ತಾವ್ರಿ ಸರ್. ಆ ಬಿಲ್ಲಿ ಸಿಗಾಂಗಿಲ್ಲ. ಬಿಲ್ಲಿ ಇದ್ರ ಐತವಾರ ನೀವು ಹೇಳಿದ ರೇಟು. ಇಲ್ಲಂದ್ರ ಅದು ಬರೇ ಕಬ್ಬಿಣ."

ಶುಕ್ರವಾರ ರಜೆ ಹಾಕಿ ಮತ್ತೆ ಮಸಗುಪ್ಪಿಗೆ ಓಡಿದೆ. ಬಿಲ್ಲೆ ಎಲ್ಲಿದೆ? ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ, ಒಂದು ಕರಿ ಎಮ್ಮೆಯ ಕೊರಳ ಹಗ್ಗಕ್ಕೆ ಪೋಣಿಸಿದ್ದಾರೆ! ಎಮ್ಮೆ ಅದನ್ನು ಧರಿಸಿ ಮೆಲುಕು ಹಾಕುತ್ತ ನನ್ನನ್ನು ಅಧಿಕಾರಿಯ ಗತ್ತಿನಲ್ಲಿ ನೋಡಿತು.

"ಅದನ್ನ ಕೊಟ್ಟುಬಿಡ್ರಿ ಕಾಕಾ, ಏನ್ ಹೇಳ್ತೀರಿ ಅಷ್ಟು ಕೊಡ್ತೇನಿ."

"ಕಣ್ಣಿ ಯಾರರ ಮಾರ್ತಾರೇನ್ರಿ ಸಾಹೇಬ್ರ?"

"ಬಿಲ್ಲಿ ಇಲ್ಲದ ಸೈಕಲ್ ತುಳ್ಯಾಕ ಮನಸ್ಸ ಬರವಲ್ದ್ರಿ!"

ಮುದುಕನ ಕಣ್ಣು ಒದ್ದೆಯಾಯಿತು. ಆದರೂ ಕೊಡಲಿಲ್ಲ. ಆಗ ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಬಿಲ್ಲೆ ಮಾರುವುದಿಲ್ಲ, ಸರಿ. ಎಮ್ಮೆ ಮಾರುತ್ತಾನಲ್ಲ! ಎಮ್ಮೆ ಕೊಂಡರೆ ಬಿಲ್ಲೆ ತಾನಾಗಿ ಬರುತ್ತದೆ. ಬಿಲ್ಲೆ ಬಂದರೆ ಐತವಾರ ಫ್ರೇಮು ಹೋಗುತ್ತದೆ, ಹೆಂಡತಿಯ ಮುಂದೆ ಮಾನ ಉಳಿಯುತ್ತದೆ. ಎಮ್ಮೆಯನ್ನು ಮೂಡಲಗಿಯ ದನದ ಪೇಟೆಗೆ ಹೊಡೆದು ಮಾರಿದರಾಯಿತು! ಇಂಥ ಯೋಚನೆ ಹೊಳೆಯಲು ತಲೆ ಬೇಕು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕಿಸೆಯಲ್ಲಿ ಅಷ್ಟು ರೊಕ್ಕವಿರಲಿಲ್ಲ. ಆದರೆ ಬೀರಸಿದ್ದಪ್ಪನ ಮಗ ಯಲ್ಲೇಶ ಆಗಿನಿಂದ ನನ್ನ ಮೋಟಾರ್ ಸೈಕಲ್ಲಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ.

"ಸರ್, ಗಾಡಿ ಬಿಟ್ಟು ಹೋಗ್ರಿ, ಎಮ್ಮಿ ಹೊಡಕೊಂಡು ಹೋಗ್ರಿ. ಗಬ್ಬ ಐತ್ರಿ, ಇನ್ನ ಮೂರು ತಿಂಗಳಿಗೆ ಈಯತೈತಿ."

"ಆತು!" ಎಂದು ಕೀಲಿಕೈ ಅವನ ಅಂಗೈಗೆ ಹಾಕಿದೆ. ಅವನು ಒದ್ದು ಗಾಡಿ ಶುರು ಮಾಡಿ, ಧೂಳೆಬ್ಬಿಸಿ, ಓಣಿಯ ತಿರುವಿನಲ್ಲಿ ಮಾಯವಾದ. ಬೀರಸಿದ್ದಪ್ಪ ಎಮ್ಮೆಗೆ ಭಂಡಾರ ಹಚ್ಚಿ ಮೈ ಸವರಿದ. ನಂತರ ನನ್ನ ಕಡೆ ತಿರುಗಿ ಕೇಳಿದ.

"ಹಗ್ಗ ತಂದೀರೇನ್ರಿ ಸಾಹೇಬ್ರ?"

"ಯಾವ ಹಗ್ಗ?"

ಆತ ಆಗಲೇ ಎಮ್ಮೆಯ ಕೊರಳಿಗೆ ಕೈ ಹಾಕಿ ಬಿಲ್ಲೆಯ ಸಮೇತ ಕಣ್ಣಿ ಬಿಚ್ಚುತ್ತಿದ್ದ! ದನ ನಿಮ್ಮದು, ಹಗ್ಗ ನಮ್ಮದು! ಮೂರು ದಿನದ ಹಿಂದೆ ಇದೇ ಜಾಗದಲ್ಲಿ ನಿಂತು ಕೇಳಿಸಿಕೊಂಡಿದ್ದೆ, ಕೇಳಿ ನಕ್ಕಿದ್ದೆ. ಆಮೇಲೆ ಊರ ಅಂಗಡಿಯಲ್ಲಿ ನೈಲಾನ್ ಹಗ್ಗ ಕೊಂಡೆ. ಇನ್ನೇನು ಮಾಡಲಿ?

ಬಾಡಿಗೆಯ ಟೆಂಪೋದಲ್ಲಿ ಎಮ್ಮೆಯ ಬಾಜೂ ನಿಂತು ಗೋಕಾಕ ಪ್ರವೇಶ ಮಾಡಿದೆ. ಓಣಿಯೇ ಹೊರಗೆ ಬಂದು ಸ್ವಾಗತಿಸಿತು. ಶೋಭಾ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಬಿಲ್ಲಿ ತರಾಕ ಹೋಗಿದ್ರಿ?"

"ಹೌದು."

"ತಂದ್ರೇನು?"

"ಇಲ್ಲ."

"ಗಾಡಿ ಎಲ್ಲೈತಿ?"

ನಾನು ಎಮ್ಮೆಯ ಕಡೆ ನೋಡಿದೆ. ಎಮ್ಮೆ ಶೋಭಾಳ ಕಡೆ ನೋಡಿತು. ನನ್ನ ಪರವಾಗಿ ಅದೇ ಒಮ್ಮೆ ಒದರಿ ಉತ್ತರ ಕೊಟ್ಟಿತು.

ಐತವಾರ ಬೆಳಿಗ್ಗೆ ಅಭಿಷೇಕ ಬಂದೇ ಬಿಟ್ಟ. ಹೇಗೋ ಬಿಲ್ಲೆ ಹೊಂದಿಸಿರುತ್ತಾರೆ ಎಂದು ನಂಬಿ ಬಂದಿದ್ದನಂತೆ. ಅಂಗಳದಲ್ಲಿ ಫ್ರೇಮನ್ನು ಎತ್ತಿ ನೋಡಿದ, ಬೆರಳಿಂದ ತಟ್ಟಿ ನೋಡಿದ, ಕುತ್ತಿಗೆಯ ಮೇಲಿನ ಎರಡು ಖಾಲಿ ತೂತುಗಳನ್ನು ನೋಡಿ ನಿಟ್ಟುಸಿರು ಬಿಟ್ಟ.

"ಮೈ ಐತ್ರಿ ಸರ್, ಮುಖಾ ಇಲ್ಲ. ನಾ ತಗೊಳ್ಳಾಂಗಿಲ್ಲ."

ಅದೇ ಹೊತ್ತಿಗೆ ಹೊರಗೆ ನನ್ನ ಮೋಟಾರ್ ಸೈಕಲ್ಲಿನ ಸದ್ದು ಕೇಳಿತು. ಯಲ್ಲೇಶನ ಹಿಂದೆ, ಹಸಿ ಮೇವಿನ ಹೊರೆ ತೊಡೆಯ ಮೇಲಿಟ್ಟುಕೊಂಡು ಬೀರಸಿದ್ದಪ್ಪ ಕೂತಿದ್ದ. ಕೊಟ್ಟ ಎಮ್ಮೆ ಹೊಸ ಮನೆಯಲ್ಲಿ ಸರಿಯಾಗಿ ತಿನ್ನುತ್ತದೋ ಇಲ್ಲವೋ ಎಂದು ನೋಡಿ ಹೋಗಲು ಬಂದಿದ್ದ. ಒಳಗೆ ಬಂದವನ ಕಣ್ಣು ಫ್ರೇಮಿನ ಮೇಲೆ ನಿಂತಿತು.

"ಗಾಲಿ ಎಲ್ಲಿ ಅದಾವ್ರಿ ಸಾಹೇಬ್ರ? ತುಳ್ಯೂದು ಹೆಂಗ್ರಿ?"

ನಾನು ಕೆಮ್ಮಿದೆ. ಅಭಿಷೇಕ ಒಳ್ಳೆಯ ಹುಡುಗ, ಹಿರಿಯರಿಗೆ ತಿಳಿಸಿ ಹೇಳೋಣ ಎಂದುಕೊಂಡ. "ಅಜ್ಜಾ, ಸರ್ ತುಳ್ಯಾಂಗಿಲ್ರಿ. ಸರ್ ವ್ಯಾಪಾರ ಮಾಡ್ತಾರ. ಹಳೇವು ತಗೋತಾರ, ನಮ್ಮಂಥವರಿಗೆ ಮಾರ್ತಾರ."

ಮುದುಕ ನನ್ನನ್ನೇ ನೋಡಿದ. ನಾನು ನೆಲ ನೋಡಿದೆ. ಆತ ಬೈದಿದ್ದರೆ ಚೆನ್ನಾಗಿತ್ತು. ಸುಳ್ಳು ಹೇಳಿ ಅವನ ಅಪ್ಪನ ಸೈಕಲ್ ತಂದಿದ್ದೆ.

"ಅಯ್ಯ ಸಾಹೇಬ್ರ! ವ್ಯಾಪಾರಸ್ಥರ ಅಂತ ಮೊದಲ ಹೇಳಬಾರದೇನ್ರಿ? ವ್ಯಾಪಾರಸ್ಥರಿಗೆ ಕೊಡುವಾಗ ನಾವು ಕಣ್ಣಿ ಬಿಚ್ಚಾಂಗಿಲ್ರಿ, ಕಣ್ಣಿ ಸಮೇತ ಕೊಟ್ಟುಬಿಡ್ತೇವಿ. ಮನಿಯಾಗ ಇಟ್ಕೊಂಡು ಸಾಕಾವ್ರಿಗೆ ಕೊಡುವಾಗಷ್ಟ ಬಿಚ್ಚಿ ಇಟ್ಕೋತೇವಿ. ನೀವು ದಿನಾ ತುಳೀತೇನಿ ಅಂದ್ರೆಲ್ಲ, ಅದಕ್ಕ ಬಿಚ್ಚಿದೆ!"

ಅಂದರೆ ಒಂದೇ ಒಂದು ಖರೆ ಮಾತು ಆಡಿದ್ದರೆ ಬಿಲ್ಲೆ ನನ್ನದಾಗುತ್ತಿತ್ತು! ಆದರೂ ವ್ಯಾಪಾರಿಯ ರಕ್ತ ನೋಡಿ, ಕೊನೆಯ ಆಸೆ ಬಿಡಲಿಲ್ಲ.

"ಈಗರ ಆ ಬಿಲ್ಲಿ ಎಲ್ಲೈತ್ರಿ ಕಾಕಾ?"

"ಹೋರಿ ಕೊಳ್ಳಾಗ ಕಟ್ಟೇವ್ರಿ."

"ಆ ಹೋರಿ ಏನರ ಕೊಡೂದು..." ನನ್ನ ಬಾಯಿಂದ ಮಾತು ಹೊರಬಿದ್ದೇ ಹೋಯಿತು.

ಹಿಂದಿನಿಂದ ಶೋಭಾ ಮುಂದೆ ಬಂದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಮೆತ್ತಗೆ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಗಾಡಿ ಹೋತು, ಎಮ್ಮಿ ಬಂತು. ಹೋರಿಗೆ ಅದಲಬದಲ ಮಾಡಾಕ ಈ ಮನಿಯಾಗ ಇನ್ನ ಉಳದಾಕಿ ನಾ ಒಬ್ಬಾಕಿ. ನಡೀರಿ, ಬರ್ತೇನಿ. ಇದಷ್ಟ ಖರೆ ಹೇಳಿಬಿಡ್ರಿ, ತಾಳಿ ಬಿಚ್ಚಿಟ್ಟು ಹೋಗ್ಲೋ, ಹಾಕ್ಕೊಂಡ ಹೋಗ್ಲೋ?"