ಉಪದೇಶಿಯ ಮೇಲೆ ಬರೆದ ಗುಪ್ತ ವರದಿ

ಸಂಶಯ ಪಡುವುದು ಕೆಲವರಿಗೆ ಕಾಯಿಲೆ, ಕೆಲವರಿಗೆ ಚಟ. ನನಗೆ ಅದು ನೌಕರಿಯಾಗಿತ್ತು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನಾನು ನಾರಾಯಣಖೇಡದ ಠಾಣೆಯಲ್ಲಿ ಮುನ್ಷಿ, ಅಂದರೆ ಬರವಣಿಗೆಯ ಗುಮಾಸ್ತ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು. ಮೂರು ಭಾಷೆಗಳಲ್ಲೂ ನಿರರ್ಗಳವಾಗಿ ಸಂಶಯಪಡಬಲ್ಲವನಾಗಿದ್ದೆ. ಯಾರಾದರೂ ನಕ್ಕು ಕೈಮುಗಿದರೆ ಇವನಿಗೆ ಏನು ಬೇಕಾಗಿರಬಹುದೆಂದು ಮೂರು ದಿನ ಯೋಚಿಸುತ್ತಿದ್ದೆ. ಮದುವೆಯಲ್ಲಿ ಮಾವನವರು ಅತಿಯಾಗಿ ಉಪಚಾರ ಮಾಡಿದಾಗ ಹುಡುಗಿಯಲ್ಲಿ ಏನೋ ಊನವಿರಬೇಕೆಂದು ಅನುಮಾನಿಸಿದ್ದೆ. ಊನ ಅಳಿಯನಲ್ಲಿದೆಯೆಂದು ಅವರಿಗೆ ಮೊದಲೇ ಗೊತ್ತಿತ್ತೆಂದು ಹೆಂಡತಿ ಆಮೇಲೆ ತಿಳಿಸಿದಳು.

ಆ ಕಾಲದಲ್ಲಿ ನಾಲ್ಕು ಜನ ಸೇರಿದ ಕಡೆ ಒಬ್ಬ ಏರುದನಿಯಲ್ಲಿ ಮಾತಾಡಿದರೆ ಸರಕಾರದ ಎದೆ ಹೊಡೆದುಕೊಳ್ಳುತ್ತಿತ್ತು. ಜಹೀರಾಬಾದ್ ಕಡೆಯಿಂದ ಶಾಂತಪ್ಪನೆಂಬ ಕ್ರೈಸ್ತ ಉಪದೇಶಿ ಪ್ರತಿ ಸಂತೆಗೂ ಬಂದು, ತೊಗರಿ ವ್ಯಾಪಾರದ ಅಡತಿ ಅಂಗಡಿಯ ಮುಂದೆ ನಿಂತು ತನ್ನ ದೇವರ ಮಾತು ಹೇಳುತ್ತಿದ್ದ. ಠಾಣೆಯ ಮುಖ್ಯಸ್ಥರಾದ ಅಮೀನ್ ಸಾಹೇಬರು ಹೈದರಾಬಾದಿನವರು, ಕನ್ನಡ ಬಾರದು. ಒಂದು ದಿನ ನನ್ನನ್ನು ಕರೆದು, "ಮುನ್ಷಿ, ಆ ಮನುಷ್ಯ ಹೇಳುವುದನ್ನೆಲ್ಲ ಕೇಳಿ ಉರ್ದುವಿನಲ್ಲಿ ಬರೆದುಕೊಡು. ಗುಪ್ತವಾಗಿ!" ಎಂದರು. ನಾನು ಗುಪ್ತವಾಗಿ ಹೊರಟದ್ದನ್ನು ಇಡೀ ಬಜಾರು ನೋಡಿತು. ಹೆಂಡತಿ ಬಾಗಿಲಲ್ಲೇ ನಿಂತು, "ಅವನ ಮಾತು ಕೇಳಾಕ ಹೊಂಟೀರಿ, ತಿರುಗಿ ಬರೋವಾಗ ಕೊರಳಾಗಿನ ಲಿಂಗ ಅದನೋ ಇಲ್ಲೋ ನೋಡ್ಕೊಂಡು ಬರ್ರಿ," ಎಂದು ಎಚ್ಚರಿಸಿದಳು.

ಮೊದಲ ಸಂತೆಯಲ್ಲಿ ಶಾಂತಪ್ಪ ಕುರಿಯ ಕಥೆ ಹೇಳಿದ. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡಿತು, ಕುರುಬ ಉಳಿದವನ್ನು ಬಿಟ್ಟು ಅದನ್ನೇ ಹುಡುಕುತ್ತ ಹೋದ. ನಾನು ಒಂದಕ್ಷರ ಬಿಡದೆ ಬರೆದುಕೊಟ್ಟೆ. ಅಮೀನ್ ಸಾಹೇಬರು ಓದಿ, "ಈ ಕುರಿ ಯಾವ ಊರಿನದು? ಕಂಗ್ಟಿಯದೋ? ದೂರು ಯಾಕೆ ದಾಖಲಾಗಿಲ್ಲ?" ಎಂದು ಕೇಳಿದರು. ಮುಂದಿನ ಸಂತೆಯಲ್ಲಿ ಮನೆ ಬಿಟ್ಟು ಓಡಿಹೋಗಿ ಕೆಟ್ಟ ಮಗನ ಕಥೆ. ಅವನ ಮೇಲೂ ಯಾವ ಪ್ರಕರಣವಿಲ್ಲವೆಂದು ತಿಳಿದು ಸಾಹೇಬರಿಗೆ ನಿರಾಶೆಯಾಯಿತು. "ನಿನ್ನ ವರದಿಯಲ್ಲಿ ಜೀವವಿಲ್ಲ ಮುನ್ಷಿ," ಎಂದರು. ಬಡ್ತಿಯ ಆಸೆಯಲ್ಲಿದ್ದ ನನಗೆ ಈ ಮಾತು ನಾಟಿತು.

ಮೂರನೆಯ ಸಂತೆಯಲ್ಲಿ ಶಾಂತಪ್ಪ, "ಪರಲೋಕದ ರಾಜ್ಯ ಸಮೀಪ ಬಂದದ್ರಿ, ಎಲ್ಲರೂ ತಯಾರಾಗ್ರಿ!" ಎಂದ. ಆ ದಿನ ನನ್ನ ಕೈಯಿಂದ ಒಂದು ಕೆಲಸ ನಡೆಯಿತು. ವರದಿಯಲ್ಲಿ ಎಲ್ಲವನ್ನೂ ಬರೆದೆ, 'ಪರಲೋಕದ' ಎಂಬ ಒಂದೇ ಒಂದು ಮಾತನ್ನು ಬಿಟ್ಟೆ. ಸುಳ್ಳೇನೂ ಬರೆಯಲಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ವರದಿಗೆ ಜೀವ ಬಂತು. ಗಂಟೆಯೊಳಗೆ ಶಾಂತಪ್ಪನನ್ನು ಠಾಣೆಗೆ ಎಳೆತಂದರು. ಬಟ್ಟೆಯ ಚೀಲವನ್ನು ಎದೆಗವಚಿಕೊಂಡು ನಿಂತ ಆ ಸಣಕಲು ಮನುಷ್ಯನ ಹಿಂದೆ ಜಮಾದಾರ ಲಾಕಪ್ಪಿನ ಬೀಗ ತೆಗೆಯುತ್ತಿದ್ದ. ಸಾಹೇಬರು ಕೇಳಿದ್ದನ್ನು ಕನ್ನಡಕ್ಕೆ, ಅವನು ಹೇಳಿದ್ದನ್ನು ಉರ್ದುವಿಗೆ ತಿರುಗಿಸುವವನು ನಾನೇ.

"ಯಾವ ರಾಜ್ಯ? ರಾಜ ಯಾರು? ಎಲ್ಲಿಯವರೆಗೆ ಬಂದಿದೆ? ಜಹೀರಾಬಾದ್ ದಾಟಿದೆಯೇ?"

ಶಾಂತಪ್ಪ ಮೆಲ್ಲಗೆ, "ಅದು ಹೊರಗಿಂದ ದಂಡು ಕಟ್ಕೊಂಡು ಬರೂದಲ್ರಿ ಸಾಹೇಬ್ರ. ನಿಮ್ಮೊಳಗ ಅದ," ಎಂದ.

ನಾನು ಹಾಗೆಯೇ ತಿರುಗಿಸಿದೆ. ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ನಮ್ಮೊಳಗೇ? ಠಾಣೆಯಲ್ಲೇ? ಯಾರು?" ಎನ್ನುತ್ತ ಜಮಾದಾರನನ್ನು, ಜವಾನರನ್ನು, ಕೊನೆಗೆ ನನ್ನನ್ನು ದುರುಗುಟ್ಟಿ ನೋಡಿದರು. ಜಮಾದಾರ ಎರಡು ಹೆಜ್ಜೆ ಹಿಂದೆ ಸರಿದ.

ಇನ್ನು ತಡೆಯಲಾಗಲಿಲ್ಲ. "ಹುಜೂರ್, ಬರೆಯುವಾಗ ಒಂದು ಮಾತು ಬಿಟ್ಟುಹೋಗಿದೆ. ಅದು ಆಕಾಶದ ರಾಜ್ಯ," ಎಂದು ಶುರುಮಾಡಿದವನು ನಿಲ್ಲಿಸಲಿಲ್ಲ. ಕುರಿಯೆಂದರೆ ಕುರಿಯಲ್ಲ, ದಾರಿ ತಪ್ಪಿದ ಮನುಷ್ಯ. ಕೆಟ್ಟು ಬಂದ ಮಗನನ್ನು ತಂದೆ ದೂರದಿಂದಲೇ ಕಂಡು ಓಡಿಹೋಗಿ ಅಪ್ಪಿಕೊಂಡ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ಎಂದೆಲ್ಲ ಹೇಳಿದೆ. ಅವನನ್ನು ಬಿಡಿಸಬೇಕೆಂದು ಹೇಳಿದೆನೋ, ನಾನು ಬಚಾವಾಗಬೇಕೆಂದು ಹೇಳಿದೆನೋ ತಿಳಿಯದು. ಬಾಗಿಲಲ್ಲಿ ಜವಾನರೆಲ್ಲ ಬಾಯಿ ತೆರೆದು ನಿಂತಿದ್ದರು.

ಸಾಹೇಬರು ಮತ್ತೆ ಕುರ್ಚಿಯಲ್ಲಿ ಕುಳಿತು, "ಆಕಾಶ ನಮ್ಮ ಠಾಣೆಯ ಸರಹದ್ದಿಗೆ ಬರುವುದಿಲ್ಲ. ಅವನನ್ನು ಬಿಡು," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇದೆಲ್ಲ ನಿನಗೆ ಇಷ್ಟು ಚೆನ್ನಾಗಿ ಹೇಗೆ ಬರುತ್ತದೆ?" ಎಂದರು.

"ವರದಿಗಾಗಿ ಕೇಳಿದ್ದು, ಹುಜೂರ್."

"ವರದಿಗಾಗಿ ಕೇಳಿದವನ ದನಿ ಹೀಗೆ ನಡುಗುವುದಿಲ್ಲ."

ಶಾಂತಪ್ಪ ಹೊರಗೆ ಬೇಲಿಯ ಬಳಿ ಕಾಯುತ್ತಿದ್ದ. "ಮುನ್ಷಿಜಿ, ಚೊಲೊ ಹೇಳಿದ್ರಿ. ನಾ ಹೇಳಿದ್ರೂ ಅಷ್ಟು ಚೊಲೊ ಆಗ್ತಿರಲಿಲ್ಲ," ಎಂದ.

"ನಾನು ಹೇಳಿದ್ದು ಉರ್ದುವಿನಾಗ. ನಿಮಗ ಹ್ಯಾಂಗ ತಿಳೀತು?"

"ನಾ ತಾಂಡೂರಿನ ಉರ್ದು ಸಾಲ್ಯಾಗ ಕಲ್ತಾಂವ್ರಿ. ಮೇಜಿನ ಮ್ಯಾಲಿನ ನಿಮ್ಮ ಕಾಗದಾನೂ ಓದಿದೆ."

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. "ಹಂಗಾದ್ರ ನಾ ಮಾತು ಬಿಟ್ಟೀನಂತ ಸಾಹೇಬ್ರ ಮುಂದ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನಿಮ್ಮ ನೌಕರಿ ಹೋಗ್ತಿತ್ತಲ್ರಿ."

"ನಿಮಗೇನು ಬೇಕು?"

"ಏನೂ ಬ್ಯಾಡ್ರಿ. ಬಿಸಿಲು ಜಾಸ್ತಿ ಆತು, ಬರ್ತೀನಿ," ಎಂದು ಚೀಲ ಹೆಗಲಿಗೇರಿಸಿ ಹೋದ. ಏನೂ ಬೇಡವೆನ್ನುವವನನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ; ಆ ವಾರವೆಲ್ಲ ಊಟ ಸೇರಲಿಲ್ಲ.

ಮುಂದಿನ ಸಂತೆಗೆ ಅಮೀನ್ ಸಾಹೇಬರು ಹೊಸ ಏರ್ಪಾಟು ಮಾಡಿದ್ದರು. ಉಪದೇಶಿಯ ಮೇಲೆ ಕಣ್ಣಿಡಲು ನಾನು, ನನ್ನ ಮೇಲೆ ಕಣ್ಣಿಡಲು ಮುದಿ ಜವಾನ ಲಾಲ್‌ಸಾಬ. ಆದರೆ ಲಾಲ್‌ಸಾಬನಿಗೆ ಅಕ್ಷರ ಬಾರದು. ಸಂಜೆ ಠಾಣೆಗೆ ಬಂದು ನನ್ನ ಎದುರಿಗೇ ಕುಳಿತು, "ಬರೀರಿ ಮುನ್ಷಿಜಿ," ಎಂದು ನನ್ನ ಮೇಲಿನ ಗುಪ್ತ ವರದಿಯನ್ನು ನನಗೇ ಹೇಳಿ ಬರೆಸಿದ. "ಮುನ್ಷಿ ಮೊದಲನೇ ಸಾಲಿನಾಗ ನಿಂತಿದ್ದ. ಕಡೀತನಕ ಹೋಗ್ಲಿಲ್ಲ. ಕಣ್ಣಾಗ ನೀರು ಬಂದಿತ್ತು."

"ಅದು ಮೆಣಸಿನಕಾಯಿ ಘಾಟು ಮಾರಾಯ. ಪಕ್ಕದಾಗೇ ರಾಶಿ ಹಾಕಿದ್ರು."

"ಹಂಗಿದ್ರ ಅದನ್ನೂ ಬರೀರಿ, ನಂದೇನು ಹೋಗ್ತದ."

ಬರೆದೆ. ಸಾಹೇಬರು ಓದಿ, ಮೆಣಸಿನಕಾಯಿಯ ಮಾತನ್ನು ಒಪ್ಪಿ ರುಜು ಹಾಕಿದರು. ಆ ವರದಿಯನ್ನು ಠಾಣೆಯಲ್ಲಿ ಎಲ್ಲರೂ ನಂಬಿದರು. ನಂಬದೆ ಉಳಿದವನು ಅದನ್ನು ಬರೆದವನೊಬ್ಬನೇ.