ಹುಬ್ಬಿಗೊಂದು ಡಬ್ಬಿ

ದೇವರು ನನಗೆ ಕಣ್ಣು, ಮೂಗು, ಬಾಯಿ ಎಲ್ಲವನ್ನೂ ಧಾರಾಳವಾಗಿಯೇ ಕೊಟ್ಟಿದ್ದ. ಹುಬ್ಬಿನ ಹತ್ತಿರ ಬರುವಷ್ಟರಲ್ಲಿ ಯಾರೋ ಅವನನ್ನು ಊಟಕ್ಕೆ ಕರೆದಿರಬೇಕು! ಬಲಗಡೆ ನಾಲ್ಕು ಕೂದಲು, ಎಡಗಡೆ ಅದಕ್ಕಿಂತ ಕಡಿಮೆ ಎಸೆದು ಎದ್ದು ಹೋಗಿಬಿಟ್ಟಿದ್ದ. ಆದರೂ ಹತ್ತೊಂಬತ್ತು ವರ್ಷ ನಾನು ತಿರ್ಲಾಪುರದಲ್ಲಿ ಈ ಕೊರತೆಯ ಅರಿವೇ ಇಲ್ಲದೆ ಸುಖವಾಗಿದ್ದೆ. ನಮ್ಮ ಮನೆಯ ಕನ್ನಡಿ ಅಂಗೈ ಅಗಲದ್ದು. ಒಮ್ಮೆಗೆ ಅರ್ಧ ಮುಖ ಮಾತ್ರ ಕಾಣುತ್ತಿತ್ತು. ಕೆಳಗಿನ ಅರ್ಧ ಚೆನ್ನಾಗಿದೆ ಎಂದು ನಾನು ಅಲ್ಲಿಗೇ ತೃಪ್ತಿಪಟ್ಟುಕೊಳ್ಳುತ್ತಿದ್ದೆ.

ತೊಂದರೆ ಶುರುವಾದದ್ದು ಫೋಟೋದಿಂದ. ಎಪ್ಪತ್ತರ ದಶಕದ ಮಾತು. ಗಂಡಿನ ಕಡೆಯವರಿಗೆ ಹುಡುಗಿಯ ಫೋಟೋ ಕಳಿಸುವ ರೂಢಿ ನಮ್ಮ ಕಡೆಗೂ ಬಂದಿತ್ತು. ಸಂಬಂಧ ಕೂಡಿಸುವುದರಲ್ಲಿ ಪಳಗಿದ ನಮ್ಮ ಬಸಣ್ಣ ಕಾಕಾ ನನ್ನನ್ನೂ ವೈನಿಯನ್ನೂ ಕರೆದುಕೊಂಡು ಹುಬ್ಬಳ್ಳಿಯ ಸ್ಟುಡಿಯೋಕ್ಕೆ ಹೊರಟ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ ನೀಲವ್ವ. ನವಲಗುಂದದಲ್ಲಿ ಬಸ್ಸು ಬದಲಿಸಲು ನಿಂತಾಗ ಕಾಕಾ ಮೆಲ್ಲಗೆ ಅಂದ, “ಅಗೋ, ಬೇವಿನ ಗಿಡದ ಕೆಳಗ ನಿಂತಾನಲ್ಲ, ಆವನ ನಿನಗ ನೋಡಿಟ್ಟ ಮಾಸ್ತರ. ಆವಗ ನಿನ್ನ ಫೋಟೋ ಕೊಡೂದು.”

ನೋಡಿದೆ. ಬಿಳಿ ಅಂಗಿ, ಕೈಯಲ್ಲೊಂದು ಪುಸ್ತಕ. ಅವನ ಬಸ್ಸು ಬಂತು, ನಿಂತಿತು, ಹಾರ್ನ್ ಹೊಡೆಯಿತು, ಧೂಳೆಬ್ಬಿಸಿ ಹೋಯಿತು. ಅವನು ಹಾಳೆ ತಿರುವಿದ! ಬಸ್ಸು ಹೋದದ್ದೇ ಗೊತ್ತಾಗದ ಮನುಷ್ಯ! ಲೋಕದಲ್ಲಿ ನನ್ನ ಹಾಗೆ ನಿಂತಲ್ಲೇ ಮೈಮರೆಯುವ ಇನ್ನೊಂದು ಜೀವ ಇದೆ ಎಂದು ನನಗೆ ಅಂದೇ ತಿಳಿದದ್ದು. ಮದುವೆ ಎಂದಾದರೆ ಇವನೇ, ಇಲ್ಲದಿದ್ದರೆ ಮದುವೆಯೇ ಬೇಡ ಎಂದು ನಿಂತಲ್ಲೇ ನಿರ್ಧರಿಸಿಬಿಟ್ಟೆ.

ಎಂಟು ದಿನಕ್ಕೆ ಫೋಟೋ ಬಂತು. ಸ್ಟುಡಿಯೋದವನು ನನ್ನ ಮುಖ ನೋಡಿ ಮರುಗಿರಬೇಕು. ಸಪೂರ ಪೆನ್ಸಿಲ್ ಹಿಡಿದು, ಎರಡು ಹುಬ್ಬು ತಿದ್ದಿ ತೀಡಿ ಕೂರಿಸಿದ್ದ. ಆಹಾ, ಏನು ಹುಬ್ಬು! ಅವ್ವ ಫೋಟೋ ತಿರುಗಿಸಿ ಮುರುಗಿಸಿ ನೋಡಿದಳು.

“ಇದ್ಯಾರದೋ ಕೊಟ್ಟ ಕಳಿಸ್ಯಾರಲ್ಲೋ ಬಸಣ್ಣ?”

“ನಿನ್ನ ಮಗಳದ ಐತಬೇ! ಭೇಷ್ ಬಂದೈತಿ, ಸುಮ್ಮಕಿರು,” ಎಂದು ಕಾಕಾ ಅದನ್ನು ಕಿಸೆಗೆ ಹಾಕಿಕೊಂಡು ನವಲಗುಂದಕ್ಕೆ ಹೋದ. ಮರುದಿನ ಕುಣಿಯುತ್ತಲೇ ಬಂದ.

“ಸಾವಿತ್ರಿ, ಹುಡುಗಗ ನಿನ್ನ ಹುಬ್ಬ ಭಾಳ ಹಿಡಸ್ಯಾವಂತ ನೋಡವಾ! ಹುಬ್ಬಂದ್ರ ಹಿಂಗಿರಬೇಕು ಅಂದನಂತ! ಬರೂ ಸೋಮವಾರ ನೋಡಾಕ ಬರತಾರ.”

ನನಗೆ ಒಂದೇ ಸಲಕ್ಕೆ ಸ್ವರ್ಗವೂ ಪಾತಾಳವೂ ಕಂಡವು. ಅವನಿಗೆ ಹಿಡಿಸಿದ್ದು ನನ್ನ ಮುಖದಲ್ಲಿ ಇಲ್ಲದ ಒಂದೇ ವಸ್ತು!

ಆ ಸಂಜೆ ಮಾಳಿಗೆ ಹತ್ತಿ ಕೂತೆ. ಕಣ್ಣು ಹರಿಯುವಷ್ಟು ದೂರ ಹತ್ತಿಯ ಹೊಲ ಬೆಳ್ಳಗೆ ಒಡೆದು ನಿಂತಿತ್ತು. ಎಲ್ಲಿ ಹೊಲ ಮುಗಿದು ಎಲ್ಲಿ ಮೋಡ ಶುರುವಾಗುತ್ತದೆ ಎಂಬುದೇ ತಿಳಿಯುತ್ತಿರಲಿಲ್ಲ. ಆ ಬಿಳುಪಿನ ನಡುವೆ ನಾನೂ ಮಾಸ್ತರನೂ ನಡೆದು ಹೋಗುತ್ತಿದ್ದೆವು. ಅವನು ಪುಸ್ತಕ ಮುಚ್ಚಿ ನನ್ನತ್ತ ತಿರುಗುತ್ತಿದ್ದ. ನಾನು ಮಾತಾಡದೆ ಒಂದು ಹುಬ್ಬು, ಒಂದೇ ಒಂದು, ಮೆಲ್ಲಗೆ ಮೇಲೆತ್ತುತ್ತಿದ್ದೆ. ಅವನು ಅಲ್ಲೇ ಕುಸಿದು ಬೀಳುತ್ತಿದ್ದ. ಹೀಗೆ ಅವನು ನಾಲ್ಕನೆಯ ಸಲ ಬೀಳುವ ಹೊತ್ತಿಗೆ ಅವ್ವ ಕೆಳಗಿನಿಂದ, “ಹಾಲು ಉಕ್ಕಿ ಹೊಂಟೈತಿ, ಎಲ್ಲಿ ಸತ್ತೀಬೇ?” ಎಂದು ಕೂಗಿದಳು.

ಮರುದಿನ ಬಳೆಗಾರ್ತಿ ಬಂದಳು. ಅವಳ ಬುಟ್ಟಿಯ ತಳದಲ್ಲಿ, ರಿಬ್ಬನ್ನುಗಳ ಕೆಳಗೆ, ರೂಪಾಯಿ ಅಗಲದ ಒಂದು ತಗಡಿನ ಡಬ್ಬಿ ಇತ್ತು. ಒಳಗೆ ಕಪ್ಪು ಪುಡಿ.

“ಹುಬ್ಬಿನ ಪುಡಿ ಐತಿ ತಂಗಿ. ಪ್ಯಾಟಿ ಹೆಣಮಕ್ಕಳು ಇದನ್ನ ಹಚ್ಚೂದು. ಎಂಟಾಣೆ. ನೀ ಅಂತ ಆರಾಣೆಗೆ ಕೊಡತೇನಿ.”

ಆರಾಣೆಗೆ ಗಂಡ! ಇದಕ್ಕಿಂತ ಅಗ್ಗ ಇನ್ನೇನು ಬೇಕು? ಅವ್ವನಿಗೆ ಕಾಣದಂತೆ ಕೊಂಡು ಸೆರಗಿಗೆ ಕಟ್ಟಿದೆ. ಗುಟ್ಟು ಗೊತ್ತಿದ್ದದ್ದು ವೈನಿಗೆ ಮಾತ್ರ. ಪ್ರಯೋಗವನ್ನು ಅದೇ ಮಧ್ಯಾಹ್ನ ಸಕಲ ಗೌರವಗಳೊಂದಿಗೆ ಆರಂಭಿಸಲಾಯಿತು. ಕಡ್ಡಿಪೆಟ್ಟಿಗೆಯ ಕಡ್ಡಿಗೆ ಅರಳೆ ಸುತ್ತಿ ವೈನಿ ಬಲಹುಬ್ಬು ಬರೆದಳು. ಚಂದ ಬಂತು. ಎಡಹುಬ್ಬು ತುಸು ಮೇಲೆ ಹೋಯಿತು.

“ಅಯ್ಯ, ಏನೋ ಗಾಬರಿ ಆದಂಗ ಕಾಣತೀಬೇ,” ಎಂದು ಅವಳು ಬಲಗಡೆಯದನ್ನೂ ಮೇಲಕ್ಕೆ ಒಯ್ದಳು. ಈಗ ಅದು ದಪ್ಪವಾಯಿತು. ಸರಿದೂಗಿಸಲು ಎಡಗಡೆಯದಕ್ಕೆ ಇನ್ನಷ್ಟು. ಹೀಗೆ ಇಬ್ಬರೂ ಸೇರಿ ನ್ಯಾಯವಾಗಿ ಹಂಚುತ್ತ ಹಂಚುತ್ತ ಬೈತಲೆಯ ಸಮೀಪ ಬಂದೆವು! ಹೊಲದಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತ.

“ಯಾಕವಾ, ಯಾರ ಮ್ಯಾಲೆ ಇಷ್ಟ ಸಿಟ್ಟಾಗೀದಿ?”

ನಾನು ಒಳಗೋಡಿ ಹಾಸಿಗೆಗೆ ಬಿದ್ದೆ. ಬಿದ್ದವಳಿಗೆ ಮತ್ತೆ ಕನಸು. ಎದ್ದು ನೋಡಿದರೆ ಎರಡು ಹುಬ್ಬೂ ದಿಂಬಿನ ಮೇಲಿದ್ದವು! ದಿಂಬು ನನಗಿಂತ ಚಂದ ಕಾಣುತ್ತಿತ್ತು.

ವೈನಿ ಗಂಭೀರವಾಗಿ ಯೋಚಿಸಿದಳು. “ಒಣಾ ಪುಡಿ ನಿಂದರಂಗಿಲ್ಲ. ಕಾಡಿಗಿಗೆ ಏನ ಹಾಕತೇವಿ? ಔಡಲೆಣ್ಣಿ. ಇದಕ್ಕೂ ಹಾಕೂಣು.” ಅವಳ ಬುದ್ಧಿಗೆ ನಾನು ಬೆರಗಾದೆ. ಡಬ್ಬಿಯ ಪುಡಿಯೆಲ್ಲ ಸುರುವಿ, ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಹಾಕಿ ಕಲಸಿದೆವು. ಮಳೆ ಬಿದ್ದ ಎರೆಹೊಲದ ಮಣ್ಣಿನಂತೆ ಕರ್ರಗೆ, ಅಂಟಂಟಾಗಿ, ಭರ್ಜರಿಯಾಗಿ ಬಂತು.

ಸೋಮವಾರ ನಾನು ನಿಜವಾಗಿಯೂ ಸುಂದರಿಯಾಗಿದ್ದೆ. ಸುಳ್ಳು ಹೇಳುವುದಿಲ್ಲ. ವೈನಿ ಫೋಟೋದ ಇನ್ನೊಂದು ಪ್ರತಿಯನ್ನು ಗೋಡೆಗೆ ಒರಗಿಸಿಟ್ಟು, ಗೆರೆಗೆ ಗೆರೆ ಕೂಡಿಸಿ ಬರೆದಿದ್ದಳು. ಬೆರಳಿನಿಂದ ಮುಟ್ಟಬೇಡ, ಬೆವರಬೇಡ, ತಲೆ ಎತ್ತಬೇಡ ಎಂದು ಆಜ್ಞೆ ಮಾಡಿದ್ದಳು. ನಾನು ಇಳಕಲ್ ಸೀರೆಯುಟ್ಟು, ಚಹಾದ ತಾಟು ಹಿಡಿದು ಪಡಸಾಲೆಗೆ ತೇಲಿಕೊಂಡು ಬಂದೆ. ನಡೆದದ್ದು ನೆನಪಿಲ್ಲ. ತೇಲಿದ್ದೇ ನೆನಪು.

ಜಮಖಾನೆಯ ಮೇಲೆ ನಾಲ್ಕು ಜೊತೆ ಗಂಡಸರ ಪಾದ ಕಂಡವು. ಅಪ್ಪನದು, ಕಾಕಾನದು ಗುರುತು ಸಿಕ್ಕವು. ಇನ್ನೊಂದು ಮಾಸ್ತರನ ತಂದೆಯದು. ಉಳಿದ ಜೊತೆಯ ಬೆರಳುಗಳ ಮೇಲೆ ಶಾಯಿಯ ಕಲೆ ಇತ್ತು. ಕಾಲಿಗೂ ಶಾಯಿ ಚೆಲ್ಲಿಕೊಳ್ಳುವ ಮನುಷ್ಯ! ನನಗೆ ಪ್ರೀತಿ ಉಕ್ಕಿ ಬಂತು.

“ಏನರ ಕೇಳೂದಿದ್ರ ಕೇಳಪಾ,” ಎಂದ ಕಾಕಾ.

ಮಾಸ್ತರ ಕೇಳಿದ, “ಓದೂದಂದ್ರ ಸೇರತೈತೇನ್ರಿ?”

“ಹೂಂನ್ರಿ,” ಅಂದೆ. ನನಗೆ ರೀ ಅಂದ! ಹೊಸ್ತಿಲಾಚೆ ನಿಂತಿದ್ದ ವೈನಿ ಸಂತೋಷಕ್ಕೆ ಬಾಗಿಲನ್ನೇ ಚಿವುಟಿದಳು. ಎಲ್ಲವೂ ಅಲ್ಲಿಗೇ ನಿಂತಿದ್ದರೆ ನಾನು ಈ ಕಥೆ ಹೇಳುವ ಪ್ರಮೇಯವೇ ಇರುತ್ತಿರಲಿಲ್ಲ.

ಆದರೆ ಅವರ ಜೊತೆ ಮಾಸ್ತರನ ಅಜ್ಜಿಯೂ ಬಂದಿದ್ದಳು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮನೆಯಲ್ಲಿ ನಡೆಯುವುದು ಮಾತ್ರ ಅವಳದೇ ಮಾತು. ನಾನು ಕಾಲಿಗೆ ಬಿದ್ದೆ. ಆಯಿ ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದಳು.

“ಬಾ ನನ್ನವ್ವಾ, ವಿಭೂತಿ ಹಚ್ಚತೇನಿ. ಒಂದ್ಹನಿ ನೀರ ತರ್ರಿ.”

ನೀರು! ನನ್ನ ಜೀವ ಹಾರಿತು. ಬೇಡ ಎನ್ನಲು ಬರುವಂಥದ್ದೇ ಅದು? ನಮ್ಮ ಮನೆಗಳಲ್ಲಿ ಹಿರಿಯರು ವಿಭೂತಿ ಹಿಡಿದು ಕೈ ಚಾಚಿದರೆ ಹಣೆ ತಾನಾಗಿಯೇ ಬಾಗುತ್ತದೆ. ಬಾಗಿತು. ಆಯಿ ಮೂರು ಬೆರಳು ಒದ್ದೆ ಮಾಡಿ, ಗಟ್ಟಿಗೆ ತಿಕ್ಕಿ, “ಶಿವ ಶಿವಾ” ಎಂದು ಎಳೆದಳು. ಕಣ್ಣು ಮಂಜು, ಕೈ ನಡುಕ. ಹಣೆಯ ಮೇಲೆ ಹೊರಟ ಬೆರಳು ಹುಬ್ಬಿಗೆ ಇಳಿದವು. ಈ ಕಿವಿಯಿಂದ ಆ ಕಿವಿಯವರೆಗೆ ಸಾವಕಾಶವಾಗಿ, ಭಕ್ತಿಯಿಂದ ಎಳೆದಳು. ನನ್ನ ಎರಡು ಹುಬ್ಬು ಕೂಡಿ ಒಂದಾದವು!

ನಾನು ಸೆರಗು ಮುಂದೆ ಎಳೆದುಕೊಂಡು ಕಣ್ಣು ಮುಚ್ಚಿದೆ. ಆಗ ಆಯಿಯ ದನಿ ಕೇಳಿತು.

“ಶುಭ ಕೆಲಸ ಐತಿ, ಎಲ್ಲಾರೂ ಬರ್ರಿ.”

ಅದೇ ಬೆರಳನ್ನು ಮತ್ತೆ ಗಟ್ಟಿಗೆ ತಿಕ್ಕಿದಳು. ವಿಭೂತಿಯೂ ಕಪ್ಪಾಯಿತು. ಮೊದಲು ಮಾಸ್ತರ, ಆಮೇಲೆ ಅವನ ತಂದೆ, ಕಾಕಾ, ಕೊನೆಗೆ ನಮ್ಮಪ್ಪ. ಒಬ್ಬೊಬ್ಬರೂ ಕಣ್ಣು ಮುಚ್ಚಿ, ಕೈ ಮುಗಿದು ಮೂರು ಮೂರು ಪಟ್ಟೆ ಹಚ್ಚಿಸಿಕೊಂಡರು. ಕಣ್ಣು ತೆರೆದವರು ಒಬ್ಬರನ್ನೊಬ್ಬರು ನೋಡಿದರು.

ಎದುರಿನವರ ಹಣೆಯ ಕಪ್ಪು ಎಲ್ಲರಿಗೂ ಕಂಡಿತ್ತು, ತಮ್ಮದು ಯಾರಿಗೂ ಕಂಡಿರಲಿಲ್ಲ. ಅವರ ಮನೆತನದಲ್ಲಿ ಹೀಗೇ ಪದ್ಧತಿ ಇರಬೇಕು ಎಂದು ನಮ್ಮಪ್ಪ ಗೌರವದಿಂದ ಸುಮ್ಮನಾದ. ಇವರ ಮನೆಯಲ್ಲಿ ಹೀಗಿರಬೇಕು ಎಂದು ಅವರೂ ಸುಮ್ಮನಾದರು. ಇನ್ನು ಗೊತ್ತಾದರೂ ಒರೆಸುವವರು ಯಾರು? ಹಿರಿಯರು ಹಚ್ಚಿದ ವಿಭೂತಿ! ನಾನು ತಡೆಯಲಾರದೆ ಸೆರಗಿನ ಸಂದಿಯಿಂದ ನೋಡಿದೆ. ಮಾಸ್ತರ ಹಣೆ ತುಂಬ ಮಸಿ ಬಳಿದುಕೊಂಡು ನನ್ನನ್ನೇ ನೋಡುತ್ತಿದ್ದ. ಅವನ ಮೀಸೆ ನಡುಗುತ್ತಿತ್ತು. ನಗುವೋ ಸಿಟ್ಟೋ ತಿಳಿಯಲಿಲ್ಲ. ಅವರು ಉಪ್ಪಿಟ್ಟು ತಿಂದು, ತಿಳಿಸುತ್ತೇವೆ ಎಂದು ಎದ್ದುಹೋದರು.

ಆ ಮೇಲಿನ ಮೂರು ದಿನ ನಾನು ಅತ್ತದ್ದು ಅಷ್ಟಿಷ್ಟಲ್ಲ. ಕಡಲೆಹಿಟ್ಟು ಹಚ್ಚಿ ತಿಕ್ಕಿದೆ, ಸೀಗೆಪುಡಿ ಹಚ್ಚಿ ತಿಕ್ಕಿದೆ. ಕಪ್ಪು ಹೋಯಿತು, ಸಂಕಟ ಹೋಗಲಿಲ್ಲ. ಮಾಳಿಗೆ ಹತ್ತಿದರೆ ಹತ್ತಿ ಹೊಲದಲ್ಲಿ ಮಾಸ್ತರ ಒಬ್ಬನೇ ನಡೆದು ಹೋಗುತ್ತಿದ್ದ. ಬಾಜೂಕ್ಕೆ ನಾನಿರಲಿಲ್ಲ. ಅವ್ವ ಬೈಯಲೂ ಇಲ್ಲ. ತಲೆ ಸವರಿ, “ಇದ್ದ ಮಾರಿಗೆ ಏನಾಗಿತ್ತಬೇ, ಹುಚ್ಚಿ?” ಎಂದಳು. ಅದಕ್ಕೆ ಇನ್ನಷ್ಟು ಅಳು ಬಂತು.

ನಾಲ್ಕನೆಯ ದಿನ ಕಾಕಾ ಬಂದ. ಚಪ್ಪಲಿ ಬಿಡುವ ಮೊದಲೇ ಕೂಗಿದ, “ಒಪ್ಯಾರವ್ವಾ! ಆಯಿ ಒಪ್ಯಾಳ!”

ನಡೆದದ್ದು ಇಷ್ಟು. ಬಸ್ಸಿನಲ್ಲಿ ಕಂಡಕ್ಟರ್, “ಯಾವ ಮಠದವ್ರೀ ನೀವು?” ಎಂದು ಕೇಳಿದ್ದನಂತೆ. ಮನೆಗೆ ಹೋದಾಗ ಹಣೆ ನೋಡಿ ಹೆಂಗಸರೆಲ್ಲ ಚೀರಿದರಂತೆ. ಕಡೆಗೆ ಆಯಿಯ ಬೆರಳು ಹಿಡಿದು ನೋಡಿದರೆ ಮಸಿ! ಅದು ಎಲ್ಲಿಂದ ಬಂತೆಂದು ಚರ್ಚೆ ನಡೆದಾಗ ಆಯಿ ಕೈ ಎತ್ತಿ ತೀರ್ಪು ಕೊಟ್ಟಳಂತೆ.

“ನಾ ಆ ಹುಡುಗಿ ಹಣಿ ಮುಟ್ಟಿದ್ನಲ್ಲ, ಅದು ಒಲಿ ಮಸಿ. ನೋಡಾಕ ಮಂದಿ ಬಂದ್ರೂ ಮಾರಿ ತೊಳಕೊಳ್ಳಾಕ ಪುರಸೊತ್ತಿಲ್ಲ, ಅಷ್ಟ ದುಡೀತಾಳ! ಇಂಥಾ ಹುಡುಗಿ ಹುಡುಕಿದ್ರ ಸಿಗತಾಳೇನು? ತರ್ರಿ ಆಕೀನ್ನ!”

ನಮ್ಮ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅವ್ವ ಗಂಟಲು ಸರಿಮಾಡಿಕೊಂಡು, “ಹೌದ್ ಬಸಣ್ಣ, ಒಲಿ ಅಂದ್ರ ಜೀವ ಆಕಿಗೆ,” ಎಂದಳು. ವೈನಿ ಕೆಮ್ಮುತ್ತ ಹಿತ್ತಲಿಗೆ ಓಡಿದಳು.

ಮದುವೆಯಾಯಿತು. ನವಲಗುಂದದ ಮನೆಯಲ್ಲಿ ಮೊದಲ ಬೆಳಗು ಆಯಿ ನನ್ನ ಕೈಗೆ ಊದುಗೊಳವೆ ಕೊಟ್ಟು, “ತಗೋ ನನ್ನ ಬಂಗಾರ, ಇನ್ನ ಈ ಒಲಿ ನಿಂದ,” ಎಂದಳು. ಮನೆಯಲ್ಲಿ ಹನ್ನೊಂದು ಮಂದಿ. ಹಸಿ ಹತ್ತಿಕಟ್ಟಿಗೆ. ಬಗ್ಗಿ ಜೀವ ಬಿಟ್ಟು ಊದಿದೆ. ಹೊಗೆ ಬಂತು. ಇನ್ನಷ್ಟು ಬಗ್ಗಿ ಊದಿದೆ. ಭುಸ್ಸೆಂದು ಉರಿ ಎದ್ದು ನನ್ನ ಮುಖಕ್ಕೇ ಬಂತು! ದೇವರು ಎಸೆದು ಹೋಗಿದ್ದ ನಾಲ್ಕಾರು ಕೂದಲೂ ಚುರುಚುರು ಎಂದು ಸುಟ್ಟು ಹೋದವು.

ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದೆ. ಕಟ್ಟೆಯ ಮೇಲೆ ಮಾಸ್ತರ ಓದುತ್ತ ಕೂತಿದ್ದ. ಪುಸ್ತಕ ಮುಚ್ಚಿ, ಮೆಲ್ಲಗೆ ನನ್ನತ್ತ ತಿರುಗಿದ. ಕನಸಿನಲ್ಲಿ ತಿರುಗುತ್ತಿದ್ದನಲ್ಲ, ಥೇಟ್ ಹಾಗೆಯೇ! ನನ್ನ ಮುಖವನ್ನೇ ದಿಟ್ಟಿಸಿ ನೋಡಿದ. ಹೇಳಿಬಿಡೋಣ, ಎಲ್ಲವನ್ನೂ ಒಪ್ಪಿಕೊಂಡುಬಿಡೋಣ ಎಂದುಕೊಂಡೆ.

“ನಿನ್ನಿಗೂ ಇವತ್ತಿಗೂ ಮಾರಿಯೊಳಗ ಏನೋ ಒಂದು ಕಡಿಮಿ ಆದಂಗೈತಲ್ಲ,” ಎಂದ.

“ಏನ್ರಿ?” ಎಂದೆ.

ಅವನು ಬಹಳ ಹೊತ್ತು ಯೋಚಿಸಿದ. ಆಮೇಲೆ ಮುಖ ಅರಳಿತು.

“ಹಾಂ! ಮೂಗುತಿ ಎಲ್ಲಿ ಬಿಟ್ಟಿ?”

ಮೂಗುತಿ ಮೂಗಿನಲ್ಲೇ ಇತ್ತು! ಅವನು ಮತ್ತೆ ಪುಸ್ತಕ ತೆರೆದ. ನಾನು ಚಹಾ ಮಾಡಲು ಒಲೆಯ ಹತ್ತಿರ ಹೋದೆ.