ಸೊಲ್ಲಾಪುರದ ಸಿಮ್ಮು, ಆಳಂದದ ಟವರು

"ಇನ್ನು ಮೇಲೆ ಫೋನಿಗಾಗಿ ಮಂದಿಯ ಬಾಗಿಲು ಕಾಯುವುದಿಲ್ಲ!" ಎಂದು ೧೯೯೯ರ ದಸರೆಗೆ ನಾನು ಭೀಷಣ ಪ್ರತಿಜ್ಞೆ ಮಾಡಿ, ಮರುದಿನವೇ ಗಡಿಯಾಚೆ ಮಹಾರಾಷ್ಟ್ರದ ಸೊಲ್ಲಾಪುರದಿಂದ ಮೊಬೈಲ್ ತಂದೆ. ನಾವು ಆಳಂದದವರು. ಸೀರೆ, ಬಳೆ, ಸೊಸೆ ಎಲ್ಲವನ್ನೂ ಸೊಲ್ಲಾಪುರದಿಂದಲೇ ತಂದವರು. ಅಲ್ಲಿಯ ಯಾವ ವಸ್ತುವೂ ಇಲ್ಲಿ ನಡೆಯದೆ ಹೋದದ್ದಿಲ್ಲ! ನನ್ನ ಹೆಂಡತಿಯೂ ಅಲ್ಲಿಯವಳೇ. ಬಿ.ಎ. ಪ್ರಮಾಣಪತ್ರದಲ್ಲಿ ಶಿವಕಾಂತಾ, ನಮ್ಮ ಮನೆಯಲ್ಲಿ ಗುರುಬಾಯಿ.

ಹನ್ನೆರಡು ವರ್ಷ ಟ್ರಂಕಿನಲ್ಲಿದ್ದ ಆ ಬಿ.ಎ.ಯನ್ನು ಹೊರತೆಗೆದು ಅವಳು ಒಂದು ಶಾಲೆಯ ಶಿಕ್ಷಕಿ ಕೆಲಸಕ್ಕೆ ಅರ್ಜಿ ಬರೆದಿದ್ದಳು. ಅದರಲ್ಲಿದ್ದ ಎದುರುಮನೆ ಅಬ್ದುಲ್ ಗನಿಯ ಎಸ್‌ಟಿಡಿ ಬೂತಿನ ನಂಬರನ್ನು ಗೀಚಿ, ನನ್ನ ಮೊಬೈಲ್ ನಂಬರನ್ನು ಶಿಲಾಶಾಸನದಂತೆ ಕೆತ್ತಿದೆ.

"ಗನಿ ಭಾಯಿ ನಂಬರ ಇರ್ಲಿ ಬಿಡ್ರಿ. ಓಡಿ ಬಂದು ಕರೀತಾರ."

"ನನ್ನ ಹೆಂಡ್ತಿ ನೌಕರಿ ಸುದ್ದಿ ಬೂತಿಗೆ ಬರಬೇಕೇನು? ನನಗ ಇಜ್ಜತ್ ಅದನೋ ಇಲ್ಲೋ?"

ಆಯ್ಕೆಯಾದವರಿಗೆ ಸೋಮವಾರ ಹನ್ನೆರಡರೊಳಗೆ ಶಾಲೆಯಿಂದ ಫೋನು ಎಂದು ತಿಳಿಸಿದ್ದರು. ಸಿಗದಿದ್ದರೆ ಕೆಲಸ ಪಟ್ಟಿಯಲ್ಲಿದ್ದ ಮುಂದಿನವರಿಗೆ. ಮೊಬೈಲಿನಲ್ಲಿ ಇನ್ನೂ ಸಿಗ್ನಲ್ಲಿನ ಒಂದು ಗೆರೆಯೂ ಮೂಡಿರಲಿಲ್ಲ, ನಿಜ. ಆದರೆ ಊರಿನ ಹೊಸ ಟವರು ಭಾನುವಾರ ಚಾಲೂ ಆಗುವುದಿತ್ತಲ್ಲ! ಸೋಮವಾರ ಎದ್ದು ನೋಡಿದರೆ 'ತುರ್ತು ಕರೆ ಮಾತ್ರ' ಎಂದು ಇಂಗ್ಲಿಷಿನಲ್ಲಿ ಮೂಡಿತ್ತು. ಮಾಳಿಗೆ ಹತ್ತಿದೆ. ಅದೇ ಹಾಡು. ಕೊನೆಗೆ ಟವರಿನ ಬುಡಕ್ಕೇ ಓಡಿ, ಅಲ್ಲಿಯ ಮೆಕ್ಯಾನಿಕ್ ಜಹೀರುದ್ದೀನನನ್ನು ಹಿಡಿದೆ.

"ನಿಮ್ಮ ಸಿಮ್ಮಿನಾಗ ಸೊಲ್ಲಾಪುರ ಕಂಪನಿ ಹೆಸರು ಬರದಾರ್ರಿ. ಟವರ್ ಮೊದಲ ಹೆಸರು ಕೇಳ್ತದ. ನಮ್ಮ ಕಂಪನಿಗೂ ಅವರಿಗೂ ಕರಾರ್ ಇಲ್ಲ, ಒಳಗ ಬಿಡಂಗಿಲ್ಲ."

"ಮತ್ತ ತುರ್ತು ಕರೆ ಅಂತದಲ್ಲೋ!"

"ಅದು ಪೊಲೀಸರಿಗೆ ಹಚ್ಚಾಕ್ರಿ."

ಯಾರ ಮೇಲೆ ದೂರು ಕೊಡಲಿ? ನನ್ನ ಮೇಲೆಯೇ?

ಗನಿಯ ಬೂತಿಗೆ ನುಗ್ಗಿ ಶಾಲೆಗೆ ಹಚ್ಚುವಷ್ಟರಲ್ಲಿ ಹನ್ನೆರಡೂವರೆ. "ನಾಲ್ಕು ಸಲ ಹಚ್ಚಿದ್ವಿ, ಹತ್ತಲಿಲ್ಲ. ಬ್ಯಾರೆಯವರನ್ನ ತಗೊಂಡ್ವಿ," ಎಂದರು.

ಗನಿ ಪೆಚ್ಚಾಗಿ ನನ್ನ ಮುಖ ನೋಡಿದ. "ಬಾಯಾರ ಫೋನ್ ಬರ್ತದಂತ ಮುಂಜಾನಿಂದ ಲೈನ್ ಖಾಲಿ ಇಟ್ಟೀನಲ್ರೀ, ಸಾಹೇಬ್ರ! ಒಂದು ಗಿರಾಕಿನೂ ಹಚ್ಚಾಕ ಬಿಟ್ಟಿಲ್ಲ."

ಮನೆಗೆ ಬಂದು ತಪ್ಪನ್ನೆಲ್ಲ ಸಿಮ್ಮಿನ ತಲೆಗೆ ಕಟ್ಟಿದೆ. "ನಾ ಏನು ಮಾಡಲಿ? ಹಾಳಾದ್ದು ತವರುಮನಿ ಹೆಸರು ಬಿಡವಲ್ದು!"

ಗುರುಬಾಯಿ ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು.

"ಉಗುರಿನಷ್ಟು ಚೀಟಿ. ಅದರ ಹೆಸರು ಅಳಸಾಕ ನಿಮಗ ಆಗಲಿಲ್ಲ. ನಂದು ಮಾತ್ರ ಮದುವಿ ದಿನ ಅಕ್ಕಿ ತಾಟಿನಾಗ, ಉಂಗುರಲೆ ಗುರುಬಾಯಿ ಅಂತ ಗೀಚಿ, ಒಂದ ಸಲಕ್ಕ ಅಳಿಸಿದ್ರಿ!"

ಸ್ತ್ರೀ ಸಮಾನತೆಯ ಬಗ್ಗೆ ಊರೂರು ಭಾಷಣ ಬಿಗಿದ ನಾನು, ಸಿಗ್ನಲ್ ಹುಡುಕುವವನಂತೆ ಮೊಬೈಲನ್ನು ತಿರುಗಿಸಿ ನೋಡಿ ಕೆಳಗಿಟ್ಟೆ.

ಅವಳು ಹೊಸ ಹಾಳೆ ತೆಗೆದಳು. ಗಾಳಿಗೆ ಹಾರದಂತೆ ಅದರ ಮೇಲೆ ನನ್ನ ಮೊಬೈಲ್ ಇಟ್ಟಳು. ಅದು ಆಳಂದಕ್ಕೆ ಬಂದು ಮಾಡಿದ ಮೊದಲ ಕೆಲಸ! ಮೊದಲಿಗೆ ಗನಿಯ ನಂಬರು ಬರೆದಳು.

"ಹೆಸರು ಯಾವುದು ಬರೀತಿ?" ಮೆಲ್ಲಗೆ ಕೇಳಿದೆ.

ತಲೆಯೆತ್ತದೆ ಹೇಳಿದಳು: "ನಂದು."